ಓದುಗರ ಪ್ರಶ್ನೆ: ಕನೆಕ್ಷನ್ ಹಿಡಿದಿಟ್ಟುಕೊಂಡ ಸೆಷನ್‌ಗಳು

ಪ್ರಶ್ನೆ: ಮಾನ್ಯರೇ, ದಾವಣಗೆರೆ ಎಪಿಎಂಸಿಯ ಕೆಲವು ದಲಾಲಿ ಅಂಗಡಿಗಳಿಗೆ ತೂಕ, ದರ ಮತ್ತು ರೈತರ ಬಿಲ್ ಬರೆಯುವ ತಂತ್ರಾಂಶವನ್ನು ಪೈಥಾನ್‌ನಲ್ಲಿ ಮಾಡಿಕೊಟ್ಟಿದ್ದೇನೆ. ಪೈಥಾನನ್ನು ಡೇಟಾಬೇಸ್‌ಗೆ ಜೋಡಿಸುವ ಎಸ್‌ಕ್ಯೂಎಲ್‌ಆಲ್ಕೆಮಿ ಲೈಬ್ರರಿ ಮೂಲಕ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುತ್ತಿದ್ದೇನೆ. ಬಿಲ್ ಆದೊಡನೆ ರೈತರಿಗೆ ಎಸ್‌ಎಂಎಸ್ ಹೋಗುತ್ತದೆ. ಮೆಕ್ಕೆಜೋಳದ ಆವಕ ಹೆಚ್ಚಿದ ದಿನ ಪರದೆ ಅರ್ಧ ನಿಮಿಷ ಅಲುಗದೆ ನಿಂತು, ಪೂಲ್‌ನ (ಮರುಬಳಕೆಗೆ ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳ ಗುಂಪಿನ) ಮಿತಿ 5, ಓವರ್‌ಫ್ಲೋ (ಅದು ತುಂಬಿದಾಗ ತಾತ್ಕಾಲಿಕವಾಗಿ ತೆರೆಯುವ ಹೆಚ್ಚುವರಿ ಕನೆಕ್ಷನ್) 10 ಎರಡೂ ತುಂಬಿವೆ ಎಂಬ ಎರರ್ ಬರುತ್ತದೆ. ಪೂಲ್ ಸೈಜನ್ನು 20ಕ್ಕೆ ಏರಿಸಿದ ಮೇಲೂ ಅದೇ ತೊಂದರೆ ಮರುಕಳಿಸಿತು. ಇನ್ನೆಷ್ಟು ಏರಿಸಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಏರಿಸಬೇಡಿ. ಮೊದಲಿದ್ದ 5ಕ್ಕೇ ಇಳಿಸಿ, ಕನೆಕ್ಷನ್‌ಗಳನ್ನು ಯಾರು ಹಿಡಿದಿಟ್ಟುಕೊಂಡಿದ್ದಾರೆ ಎಂಬುದನ್ನು ಹುಡುಕಿ. ಎಸ್‌ಕ್ಯೂಎಲ್‌ಆಲ್ಕೆಮಿ ತಾನಾಗಿ ಕೊಡುವ ಮಿತಿ ಒಟ್ಟು 15 ಕನೆಕ್ಷನ್. ಅಷ್ಟೂ ಕೆಲಸದಲ್ಲಿದ್ದರೆ 16ನೆಯ ಬೇಡಿಕೆ 30 ಸೆಕೆಂಡ್ ಕಾದು ಸೋಲುತ್ತದೆ. ನೀವು ಕಂಡ ಅರ್ಧ ನಿಮಿಷ ಅದೇ. ಗಾತ್ರವನ್ನು 20 ಮಾಡಿದರೆ ಒಂದು ಪ್ರೊಸೆಸ್ (ನಡೆಯುತ್ತಿರುವ ತಂತ್ರಾಂಶದ ಒಂದು ಪ್ರತಿ) 30 ಕನೆಕ್ಷನ್ ತೆಗೆದುಕೊಳ್ಳಬಹುದು. ಸರ್ವರ್‌ನಲ್ಲಿ ಅಂಥ 4 ವರ್ಕರ್ ಪ್ರೊಸೆಸ್‌ಗಳಿದ್ದರೆ 120 ಆಯಿತು. ಪೋಸ್ಟ್‌ಗ್ರೆಸ್‌ನ ಮೂಲ ಮಿತಿಯೇ 100 ಆಗಿರುವುದರಿಂದ, ಆಗ ಎರರ್ ತಪ್ಪುವುದಿಲ್ಲ, ಪೂಲ್‌ನಿಂದ ಡೇಟಾಬೇಸ್‌ಗೆ ಸ್ಥಳ ಬದಲಿಸುತ್ತದೆ ಅಷ್ಟೆ.

ನನಗೆ ಅನುಮಾನವಿರುವುದು ನಿಮ್ಮ ಎಸ್‌ಎಂಎಸ್ ಮೇಲೆ. ಡೇಟಾಬೇಸ್ ಜೊತೆಗಿನ ಒಂದು ಸುತ್ತಿನ ಕೆಲಸವನ್ನು ನೋಡಿಕೊಳ್ಳುವ ಸೆಷನ್, ತೆರೆದಾಕ್ಷಣ ಕನೆಕ್ಷನ್ ತೆಗೆದುಕೊಳ್ಳುವುದಿಲ್ಲ. ಮೊದಲ ಕ್ವೆರಿ ನಡೆದಾಗ ತೆಗೆದುಕೊಳ್ಳುತ್ತದೆ, ಕಮಿಟ್ (ಬದಲಾವಣೆ ಖಾಯಂ ಮಾಡುವುದು), ರೋಲ್‌ಬ್ಯಾಕ್ (ಅದನ್ನು ರದ್ದು ಮಾಡುವುದು) ಅಥವಾ ಕ್ಲೋಸ್ ಆಗುವವರೆಗೆ ಬಿಡುವುದಿಲ್ಲ. ರೈತರ ವಿವರ ಓದಿ, ಬಿಲ್ ಸೇರಿಸಿ, ಎಸ್‌ಎಂಎಸ್ ಸೇವೆಯ ಉತ್ತರಕ್ಕೆ ಕಾದು, ಆಮೇಲೆ ಕಮಿಟ್ ಮಾಡುತ್ತಿದ್ದರೆ, ಆ ಸೇವೆ ನಿಧಾನವಾದಷ್ಟೂ ಹೊತ್ತು ಒಂದು ಕನೆಕ್ಷನ್ ಸುಮ್ಮನೆ ನಿಂತಿರುತ್ತದೆ. ತೊಂದರೆ ಕಾಣುತ್ತಿರುವ ಹೊತ್ತಿನಲ್ಲೇ ಚಾಲ್ತಿ ಕನೆಕ್ಷನ್‌ಗಳನ್ನು ತೋರಿಸುವ ಪೋಸ್ಟ್‌ಗ್ರೆಸ್‌ನ ‘ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ’ ನೋಟವನ್ನು ತೆರೆದು ನೋಡಿ. ಸ್ಥಿತಿಯ ಕಾಲಮ್ಮಿನಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ (ಟ್ರಾನ್ಸಾಕ್ಷನ್, ಅಂದರೆ ಒಟ್ಟಿಗೇ ಖಾಯಂ ಇಲ್ಲವೇ ರದ್ದಾಗುವ ಕೆಲಸಗಳ ಕಂತೆ, ಮುಗಿಯದೆ ಸುಮ್ಮನಿದೆ) ಎಂದಿರುವ ಸಾಲುಗಳು ಸಾಲಾಗಿ ಕಂಡರೆ ರೋಗ ಇದೇ. ಅದೇ ಸಾಲಿನ ‘ಕ್ವೆರಿ’ ಕಾಲಮ್ಮಿನಲ್ಲಿ ಆ ಕನೆಕ್ಷನ್ ಕೊನೆಯದಾಗಿ ನಡೆಸಿದ ಕ್ವೆರಿ ಇರುತ್ತದೆ. ನಿಮ್ಮ ಯಾವ ಫಂಕ್ಷನ್ ಅಲ್ಲಿ ನಿಂತಿದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಪರಿಹಾರವೆಂದರೆ ಮೊದಲು ಕಮಿಟ್ ಮಾಡಿ ಸೆಷನ್ ಮುಚ್ಚುವುದು, ಎಸ್‌ಎಂಎಸ್ ಆಮೇಲೆ ಕಳಿಸುವುದು. ಇಲ್ಲಿ ಅನುಭವಿಗಳೂ ಎಡವುವ ಒಂದು ಜಾಗವಿದೆ. ಕಮಿಟ್ ಆದ ಕೂಡಲೇ ಸೆಷನ್ ತನ್ನಲ್ಲಿರುವ ಆಬ್ಜೆಕ್ಟ್‌ಗಳ ಮೌಲ್ಯಗಳನ್ನು ಹಳೆಯವೆಂದು ಬಿಟ್ಟುಬಿಡುತ್ತದೆ. ಹಾಗಾಗಿ ಕಮಿಟ್ ನಂತರ ಸೆಷನ್ ಮುಚ್ಚದೆ ರೈತರ ಫೋನ್ ನಂಬರ್ ಓದಿದರೆ, ಅದಕ್ಕಾಗಿ ಹೊಸ ಕ್ವೆರಿ ಹೊರಟು, ಹೊಸ ಟ್ರಾನ್ಸಾಕ್ಷನ್ ಶುರುವಾಗಿ, ಬಿಟ್ಟುಕೊಟ್ಟ ಕನೆಕ್ಷನ್ ಮತ್ತೆ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಸೆಷನ್ ಮುಚ್ಚಿ ಓದಿದರೆ ಆಬ್ಜೆಕ್ಟ್ ಸೆಷನ್‌ನಿಂದ ಕಳಚಿಕೊಂಡಿದೆ ಎಂಬ ‘ಡಿಟ್ಯಾಚ್ಡ್ ಇನ್‌ಸ್ಟೆನ್ಸ್’ ಎರರ್ ಬರುತ್ತದೆ. ಆದ್ದರಿಂದ ಫೋನ್ ನಂಬರ್ ಮತ್ತು ಮೊತ್ತವನ್ನು ಕಮಿಟ್‌ಗೆ ಮುಂಚೆಯೇ ಸಾಮಾನ್ಯ ವೇರಿಯಬಲ್‌ಗಳಿಗೆ ತೆಗೆದಿಟ್ಟುಕೊಳ್ಳಿ. ಸೆಷನ್ನನ್ನು ‘ವಿತ್’ ಬ್ಲಾಕಿನೊಳಗೇ ತೆರೆಯಿರಿ. ನಡುವೆ ಎರರ್ ಬಂದರೂ ಅದು ಮುಚ್ಚಿಕೊಳ್ಳುತ್ತದೆ. ಪೂಲನ್ನು ಹೊಂದಿರುವ ಎಂಜಿನ್ ಮಾತ್ರ ಪ್ರತಿ ಪ್ರೊಸೆಸ್‌ಗೆ ಒಂದೇ ಸಾಕು, ಅದನ್ನು ಫಂಕ್ಷನ್ನಿನೊಳಗೆ ಮತ್ತೆ ಮತ್ತೆ ಕಟ್ಟಬಾರದು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಲೆಕ್ಕ ಮೈಎಸ್‌ಕ್ಯೂಎಲ್‌ನಲ್ಲಿದೆ. ಬೆಳಿಗ್ಗೆ ಮೊದಲ ಎಂಟ್ರಿ ಹಾಕುವಾಗ ಸರ್ವರ್ ಸಂಪರ್ಕ ಕಡಿದಿದೆ ಎಂಬ 2006ನೇ ಸಂಖ್ಯೆಯ ಎರರ್ ಬರುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ‘ಪೂಲ್ ಪ್ರೀ ಪಿಂಗ್’ (ಕನೆಕ್ಷನ್ ಜೀವಂತವಿದೆಯೇ ಎಂದು ಪರೀಕ್ಷಿಸುವ ಆಯ್ಕೆ) ಹಾಕಿದರೂ ಹೋಗಿಲ್ಲ. ಒಂದು ಎಂಟ್ರಿ ತಪ್ಪಿದರೆ ಮುಂದಿನವೆಲ್ಲ ರೋಲ್‌ಬ್ಯಾಕ್ ಮಾಡಿ ಎನ್ನುತ್ತವೆ. ಸೆಷನ್ನನ್ನು ಫೈಲಿನ ತಲೆಯಲ್ಲಿ ಒಮ್ಮೆ ತೆರೆದು ಎಲ್ಲೆಡೆ ಅದನ್ನೇ ಬಳಸಿದ್ದೇನೆ.
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸುಮ್ಮನಿರುವ ಕನೆಕ್ಷನ್ನನ್ನು ಮೈಎಸ್‌ಕ್ಯೂಎಲ್ ಮೂಲ ಸೆಟ್ಟಿಂಗ್‌ನಂತೆ 28,800 ಸೆಕೆಂಡ್, ಅಂದರೆ 8 ಗಂಟೆಯ ನಂತರ ಕಡಿದುಹಾಕುತ್ತದೆ. ಸಂಜೆ ಕಚೇರಿ ಮುಚ್ಚಿ ಬೆಳಿಗ್ಗೆ ತೆರೆಯುವ ಹೊತ್ತಿಗೆ ಅದು ಮುಗಿದಿರುತ್ತದೆ. ಪ್ರೀ ಪಿಂಗ್ ಒಳ್ಳೆಯ ಮದ್ದೇ ಹೌದು, ಆದರೆ ಅದು ಪರೀಕ್ಷಿಸುವುದು ಪೂಲ್‌ನಿಂದ ಕನೆಕ್ಷನ್ ಹೊರಬರುವಾಗ ಮಾತ್ರ. ನಿಮ್ಮ ಸೆಷನ್ ಹಿಂದಿನ ಸಂಜೆಯ ಕೊನೆಯ ಓದಿಗಾಗಿ ತೆಗೆದುಕೊಂಡ ಕನೆಕ್ಷನ್ನನ್ನು ರಾತ್ರಿಯಿಡೀ ತನ್ನಲ್ಲೇ ಇಟ್ಟುಕೊಂಡಿರುವಾಗ ಪಿಂಗ್ ನಡೆಯುವ ಸಂದರ್ಭವೇ ಬರುವುದಿಲ್ಲ.

ಎರಡನೆಯ ತೊಂದರೆಯ ಬೇರೂ ಅಲ್ಲೇ ಇದೆ. ಡೇಟಾಬೇಸ್‌ಗೆ ಬರೆಯುವಾಗ ಒಂದು ಎಂಟ್ರಿ ಸೋತರೆ ಆ ಟ್ರಾನ್ಸಾಕ್ಷನ್ ಪೂರ್ತಿ ರದ್ದಾಗುತ್ತದೆ. ನೀವು ರೋಲ್‌ಬ್ಯಾಕ್ ಹೇಳುವವರೆಗೆ ಆ ಸೆಷನ್ ಬೇರಾವ ಕೆಲಸವನ್ನೂ ಒಪ್ಪುವುದಿಲ್ಲ. ಎಲ್ಲರಿಗೂ ಒಂದೇ ಸೆಷನ್ ಇರುವುದರಿಂದ ಒಬ್ಬ ಗುಮಾಸ್ತರ ತಪ್ಪಿಗೆ ಇಡೀ ಕಚೇರಿಯ ಎಂಟ್ರಿ ನಿಲ್ಲುತ್ತದೆ. ಹಲವು ಥ್ರೆಡ್‌ಗಳು (ಒಂದೇ ಪ್ರೊಸೆಸ್‌ನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳು) ಹಂಚಿಕೊಳ್ಳಲು ಸೆಷನ್ ಯೋಗ್ಯವೂ ಅಲ್ಲ. ಫೈಲಿನ ತಲೆಯಲ್ಲಿ ಎಂಜಿನ್ ಮತ್ತು ಹೊಸ ಸೆಷನ್ ತಯಾರಿಸಿಕೊಡುವ ಸೆಷನ್‌ಮೇಕರ್ ಮಾತ್ರ ಇರಲಿ. ಪ್ರತಿ ಎಂಟ್ರಿಗೂ ‘ಸೆಷನ್‌ಮೇಕರ್ ಬಿಗಿನ್’ ಬ್ಲಾಕಿನಲ್ಲಿ ಹೊಸ ಸೆಷನ್ ತೆರೆಯಿರಿ. ಎಂಟ್ರಿ ಸರಿಯಾದರೆ ಅದೇ ಕಮಿಟ್ ಮಾಡುತ್ತದೆ, ತಪ್ಪಾದರೆ ರೋಲ್‌ಬ್ಯಾಕ್ ಮಾಡುತ್ತದೆ, ಎರಡರಲ್ಲೂ ಕನೆಕ್ಷನ್ ಪೂಲ್‌ಗೆ ಮರಳುತ್ತದೆ. ಆಮೇಲೆ ನೀವು ಈಗಾಗಲೇ ಹಾಕಿರುವ ಪ್ರೀ ಪಿಂಗ್ ಬೆಳಗಿನ ಎರರ್‌ಗೆ ಸಾಕಾಗುತ್ತದೆ.