ಮನೆಯಲ್ಲಿ ಬಿಯರ್ ತಯಾರಿಸುವ ಸಲಕರಣೆ ಜೋಡಿಸುವಾಗ ಎಲ್ಲವೂ ಸೋರುವುದೇಕೆ?

ನೀವು ಕೇಳಿರುವುದು ಇಷ್ಟು: ಹೊಸ ಸಲಕರಣೆಗಳನ್ನು ಜೋಡಿಸುವುದರಲ್ಲೇ ಎರಡು ವಾರಾಂತ್ಯಗಳು ಕಳೆದಿವೆ, ಹುದುಗು ಬಕೆಟ್ಟಿನ ನಲ್ಲಿ ಸೋರುತ್ತಿದೆ, ಬಿಯರಿಗೆ ತುಂಬಿಸುವ ಇಂಗಾಲದ ಡೈಆಕ್ಸೈಡ್ ಅನಿಲದ ಸಿಲಿಂಡರ್ ಬಳಸುವ ಮೊದಲೇ ಖಾಲಿಯಾಗಿದೆ, ಬಿಯರ್ ಮಾತ್ರ ಒಂದು ತೊಟ್ಟೂ ತಯಾರಾಗಿಲ್ಲ, ಇದು ನಿಮ್ಮ ಕೈಗುಣವೋ ಎಲ್ಲರ ಹಣೆಬರಹವೋ, ಬಕೆಟ್ಟನ್ನು ಅಂಗಡಿಗೆ ಹಿಂತಿರುಗಿಸಬೇಕೋ ಬೇಡವೋ ಎಂಬುದು. ನಿಮ್ಮ ಪಟ್ಟಿಯಲ್ಲಿರುವ ಎರಡೂ ಅವಘಡಗಳನ್ನು ನಾನು ಅನುಭವಿಸಿದ್ದೇನೆ, ಜೊತೆಗೆ ನೀವಿನ್ನೂ ಕಾಣದ ಒಂದೆರಡನ್ನೂ ಕಂಡಿದ್ದೇನೆ. ಅವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ, ಕೆಟ್ಟದ್ದು ಪಾತ್ರೆಯೂ ಅಲ್ಲ, ಸಿಲಿಂಡರೂ ಅಲ್ಲ. ಪ್ರತಿ ಸಲವೂ ಕೈಕೊಟ್ಟದ್ದು ಒಂದು ಭಾಗ ಇನ್ನೊಂದನ್ನು ಸೇರುವ ಜಾಗ, ಅಂದರೆ ಕೆಲವೇ ಕಾಸಿನ ವಾಷರ್ ಕೂರುವ ಜಾಗ.

ಮೊದಲು ನಲ್ಲಿಯ ವಿಷಯ. ನನ್ನ ಮೊದಲ ಬಕೆಟ್ಟಿನ ನಲ್ಲಿಯ ಜೊತೆ ಒಂದೇ ಒಂದು ರಬ್ಬರ್ ವಾಷರ್ ಬಂದಿತ್ತು. ದ್ರವ ಒಳಗಿರುವುದರಿಂದ ತಡೆಯೂ ಒಳಗೇ ಇರಬೇಕೆಂದು ತರ್ಕಿಸಿ ಅದನ್ನು ಒಳಬದಿಯಲ್ಲಿ, ನಟ್ಟಿನ ಅಡಿಯಲ್ಲಿ ಕೂರಿಸಿದೆ. ತರ್ಕವೇನೋ ಚೆನ್ನಾಗಿಯೇ ಇತ್ತು, ಆದರೆ ಅದು ತಪ್ಪು. ನಟ್ಟಿಗೂ ನಲ್ಲಿಯ ಮರೆಗೂ, ಅಂದರೆ ತಿರುಪಿನ ಸುತ್ತುಗಳಿಗೂ, ನಡುವೆ ಸುರುಳಿಯಾಕಾರದ ಸಣ್ಣ ದಾರಿಯೊಂದು ಯಾವಾಗಲೂ ತೆರೆದೇ ಇರುತ್ತದೆ; ದ್ರವವು ವಾಷರಿನ ತಂಟೆಗೇ ಹೋಗದೆ ಆ ಮರೆಯನ್ನು ಹಿಡಿದು ತೂತಿನ ಮೂಲಕ ಹೊರಗೆ ಬರುತ್ತದೆ. ವಾಷರ್ ಇರಬೇಕಾದದ್ದು ನಲ್ಲಿಯ ಅಗಲವಾದ ಅಂಚಿಗೂ ಬಕೆಟ್ಟಿನ ಹೊರಗೋಡೆಗೂ ನಡುವೆ, ಏಕೆಂದರೆ ಆ ಅಂಚು ನಲ್ಲಿಯೊಂದಿಗೆ ಒಂದೇ ತುಂಡಾಗಿ ಅಚ್ಚಾಗಿರುತ್ತದೆ, ಅಲ್ಲಿ ಮರೆಯ ದಾರಿಯಿಲ್ಲ. ಎರಡು ವಾಷರ್‌ಗಳಿದ್ದರೆ ಒಳಗೊಂದು ಹೊರಗೊಂದು ಹಾಕಬಹುದು, ಆದರೆ ನಿಜವಾಗಿ ದ್ರವವನ್ನು ತಡೆಯುವುದು ಹೊರಗಿನದೇ.

ಸೋರಿಕೆ ಕಂಡಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಸ್ಪಾನರ್ ತಂದು ಇನ್ನಷ್ಟು ಬಿಗಿದೆ. ಬಕೆಟ್ಟಿನ ಗೋಡೆ ದುಂಡಗಿರುತ್ತದೆ, ವಾಷರ್ ಚಪ್ಪಟೆಯಾಗಿರುತ್ತದೆ. ಅತಿಯಾಗಿ ಬಿಗಿದಾಗ ವಾಷರ್ ಒಂದು ಕಡೆ ಉಬ್ಬಿ, ಬಾಯಿಯಿಂದ ಹೊರಚಾಚಿದ ನಾಲಿಗೆಯಂತೆ ಅಂಚಿನಿಂದಾಚೆ ಜಾರಿತು, ನಿಮಿಷಕ್ಕೊಂದು ಹನಿ ಬೀಳುತ್ತಿದ್ದದ್ದು ಐದಾಯಿತು. ಕೈಯಿಂದ ಬಿಗಿಯುವಷ್ಟು ಬಿಗಿದು, ಅದರ ಮೇಲೆ ಕಾಲು ಸುತ್ತು ತಿರುಗಿಸಿದರೆ ಸಾಕು. ಬಿಚ್ಚಿದಾಗ ತೂತಿನ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಕೊರೆದಾಗ ಉಳಿದ ಪ್ಲಾಸ್ಟಿಕ್ಕಿನ ಮುಳ್ಳು ತಗುಲಿದರೆ ಬ್ಲೇಡಿನಿಂದ ಹೆರೆದುಬಿಡಿ. ನಿಮಿಷಕ್ಕೊಂದು ಹನಿ ತಾನೇ ಎಂದು ಸುಮ್ಮನಿರುವಂತಿಲ್ಲ. ಅದು ದಿನಕ್ಕೆ ಸುಮಾರು 70 ಮಿಲಿಲೀಟರ್, ಎರಡು ವಾರಗಳ ಹುದುಗುವಿಕೆಯಲ್ಲಿ ಹತ್ತಿರ ಹತ್ತಿರ ಒಂದು ಲೀಟರ್ ಆಗುತ್ತದೆ, ಮತ್ತು ತಿರುಪಿನ ಸುತ್ತುಗಳಲ್ಲಿ ನಿಂತ ಸಿಹಿ ದ್ರವ ಬೇಡದ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ನನ್ನ ಎರಡನೆಯ ಬಕೆಟ್ಟಿನ ಸೋರಿಕೆಯನ್ನು ಪತ್ತೆ ಹಚ್ಚಿದ್ದು ನಾನಲ್ಲ, ಇರುವೆಗಳು.

ಕುದಿಸುವ ಸ್ಟೀಲ್ ಪಾತ್ರೆಯ ನಲ್ಲಿಯ ಕಥೆ ಸ್ವಲ್ಪ ಬೇರೆ. ಬಕೆಟ್ಟಿನಿಂದ ಪಾಠ ಕಲಿತಿದ್ದ ನಾನು ಪಾತ್ರೆಗೆ ತಣ್ಣೀರು ತುಂಬಿಸಿ, ಕೆಳಗೆ ಒಣ ಕಾಗದ ಹಾಸಿ, ಇಡೀ ರಾತ್ರಿ ಬಿಟ್ಟಿದ್ದೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು. ಆದರೆ ಮಾಲ್ಟಿನಿಂದ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದಿಂದ) ತೆಗೆದ ಸಿಹಿ ದ್ರವವಾದ ವರ್ಟ್ ಕುದಿಯಲು ಆರಂಭಿಸಿದ ಹತ್ತನೆಯ ನಿಮಿಷಕ್ಕೆ ನಲ್ಲಿಯ ಬುಡದಿಂದ ಕಂದು ಬಣ್ಣದ ಎಳೆಯೊಂದು ಇಳಿದು, ಒಲೆಯ ಮೇಲೆ ಬಿದ್ದು, ಚುರುಗುಟ್ಟಿ ಕರಿ ಸಕ್ಕರೆಯಾಗಿ ಹೋಯಿತು. ಬಿಸಿಯಲ್ಲಿ ಲೋಹ ಹಿಗ್ಗುತ್ತದೆ, ರಬ್ಬರ್ ಮೆದುವಾಗುತ್ತದೆ, ತಣ್ಣಗಿದ್ದಾಗ ಬಿಗಿಯಾಗಿದ್ದದ್ದು ಸಡಿಲವಾಗುತ್ತದೆ. ಆದ್ದರಿಂದ ಪಾತ್ರೆಯನ್ನು ಪರೀಕ್ಷಿಸುವಾಗ ನೀರನ್ನು ನಿಜವಾಗಿಯೂ ಕುದಿಸಬೇಕು, ಒಂದು ಗಂಟೆ ಕುದಿಸಬೇಕು. ಆ ಒಂದು ಗಂಟೆಯಲ್ಲಿ ಎಷ್ಟು ನೀರು ಆವಿಯಾಗುತ್ತದೆ ಎಂಬುದನ್ನೂ ಅಳೆದಿಟ್ಟುಕೊಂಡರೆ ಮುಂದೆ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಸಿಲಿಕೋನ್ ರಿಂಗನ್ನೇ ಬಳಸಿ.

ಕುದಿದ ವರ್ಟನ್ನು ತಂಪುಗೊಳಿಸಲು ಅದರಲ್ಲಿ ಮುಳುಗಿಸಿ, ಒಳಗೆ ನಲ್ಲಿ ನೀರು ಹಾಯಿಸುವ ತಾಮ್ರದ ಸುರುಳಿಯಲ್ಲೂ ಇಂಥದೇ ಒಂದು ಹೊಂಚು ಇದೆ. ನಾನು ಅಗ್ಗದ ಪಾರದರ್ಶಕ ಪೈಪನ್ನು ಸುರುಳಿಯ ಎರಡೂ ತುದಿಗಳಿಗೆ ಸಿಕ್ಕಿಸಿ ಕ್ಲಿಪ್ಪನ್ನೂ ಹಾಕಿದ್ದೆ. ಕುದಿಯುವ ವರ್ಟಿನಲ್ಲಿ ಸುರುಳಿ ಮುಳುಗಿರುವಾಗ ನಲ್ಲಿ ತಿರುಗಿಸಿದರೆ ಹೊರಬರುವ ಮೊದಲ ನೀರು ಹತ್ತಿರ ಹತ್ತಿರ ಕುದಿನೀರೇ. ಅದರ ಬಿಸಿಗೆ ಪೈಪು ಬೇಯಿಸಿದ ಶ್ಯಾವಿಗೆಯಂತಾಗಿ ಕಳಚಿಕೊಂಡಿತು. ಯಾರೂ ಸುಟ್ಟುಕೊಳ್ಳಲಿಲ್ಲ ಎಂಬುದಷ್ಟೇ ಅಂದಿನ ಅದೃಷ್ಟ. ಹೊರಹೋಗುವ ಕಡೆಗಾದರೂ ಬಿಸಿ ತಾಳುವ ಸಿಲಿಕೋನ್ ಪೈಪ್ ಹಾಕಿ, ಮತ್ತು ಎರಡೂ ಜೋಡಣೆಗಳು ಪಾತ್ರೆಯ ಬಾಯಿಯಿಂದಾಚೆ, ಅಂಚಿಗಿಂತ ಕೆಳಗೆ ಇರುವಂತೆ ತಾಮ್ರದ ಕೊಳವೆಯನ್ನು ಬಗ್ಗಿಸಿ. ಜೋಡಣೆ ಪಾತ್ರೆಯ ಮೇಲಿದ್ದು ಅದು ಸೋರಿದರೆ, ಶುದ್ಧೀಕರಿಸದ ನೀರು ಕುದಿದು ತಣ್ಣಗಾದ ವರ್ಟಿಗೇ ತೊಟ್ಟಿಕ್ಕುತ್ತದೆ.

ಈಗ ನಿಮ್ಮ ಸಿಲಿಂಡರ್. ಇದರಲ್ಲಿ ಮನುಷ್ಯನನ್ನು ಮೋಸಗೊಳಿಸುವ ಒಂದು ಗುಣವಿದೆ: ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಲ್ಲಿ ದ್ರವವಾಗಿರುತ್ತದೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಸುಮಾರು 57 ಬಾರ್, ಮತ್ತು ಒಳಗೆ ಸ್ವಲ್ಪವಾದರೂ ದ್ರವ ಉಳಿದಿರುವವರೆಗೂ ಮೀಟರಿನ ಮುಳ್ಳು ಅಲ್ಲಿಂದ ಕದಲುವುದಿಲ್ಲ. ಅಂದರೆ ಮುಕ್ಕಾಲು ಪಾಲು ಅನಿಲ ಸೋರಿ ಹೋದರೂ ಮುಳ್ಳು ಎಲ್ಲವೂ ಸರಿಯಿದೆಯೆಂದೇ ತೋರಿಸುತ್ತದೆ, ದ್ರವ ಮುಗಿದ ಮೇಲೆ ಸರ್ರನೆ ಬೀಳುತ್ತದೆ. ನಾನು ಶನಿವಾರ ಜೋಡಿಸಿದ 2 ಕಿಲೋಗ್ರಾಂ ಅನಿಲ ಸೋಮವಾರ ಬೆಳಿಗ್ಗೆ ಇರಲಿಲ್ಲ. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವಿನ ನೈಲಾನ್ ವಾಷರ್ ಡಬ್ಬಿಯ ತಳದಲ್ಲಿ, ಕಾಗದದ ಚೂರುಗಳ ನಡುವೆ ಹಾಗೇ ಬಿದ್ದಿತ್ತು. ಅದರ ಬದಲು ನಾನು ಮರೆಗೆ ಟೆಫ್ಲಾನ್ ಟೇಪನ್ನು ಮೂರು ಸುತ್ತು ಸುತ್ತಿ, ಬಂದೋಬಸ್ತು ಮಾಡಿದೆನೆಂದು ಬೀಗಿದ್ದೆ. ಆ ಜೋಡಣೆಯಲ್ಲಿ ಅನಿಲವನ್ನು ತಡೆಯುವುದು ಎರಡು ಮುಖಗಳ ನಡುವೆ ಒತ್ತಿ ಹಿಡಿದ ವಾಷರ್. ಮರೆಯ ಕೆಲಸ ಅದನ್ನು ಒತ್ತಿ ಹಿಡಿಯುವುದು ಮಾತ್ರ. ಟೇಪು ಅಲ್ಲಿ ಏನೂ ಮಾಡುವುದಿಲ್ಲ. ಕೆಲವು ರೆಗ್ಯುಲೇಟರುಗಳಲ್ಲಿ ವಾಷರ್ ಒಳಗೇ ಅಳವಟ್ಟಿರುತ್ತದೆ, ಆದ್ದರಿಂದ ಮೊದಲು ಅದನ್ನು ನೋಡಿಕೊಳ್ಳಿ.

ಪರೀಕ್ಷಿಸುವ ವಿಧಾನ ಸರಳ: ಖಾಲಿ ಕೆಗ್ಗನ್ನು (ಬಿಯರ್ ತುಂಬಿಡುವ ಸ್ಟೀಲ್ ಪೀಪಾಯಿಯನ್ನು) ಜೋಡಿಸಿ, ಒತ್ತಡ ತುಂಬಿಸಿ, ಎಲ್ಲ ಜೋಡಣೆಗಳ ಮೇಲೂ ಸೋಪಿನ ನೀರನ್ನು ಬ್ರಷ್ಷಿನಿಂದ ಬಳಿದು ಗುಳ್ಳೆ ಏಳುತ್ತದೆಯೇ ನೋಡಿ, ನಂತರ ಸಿಲಿಂಡರಿನ ವಾಲ್ವ್ ಮುಚ್ಚಿ, ಮುಳ್ಳು ಎಲ್ಲಿದೆಯೆಂದು ಗುರುತು ಹಾಕಿ, ಮರುದಿನ ನೋಡಿ. ಕೆಗ್ಗು ಖಾಲಿಯೇ ಇರಬೇಕು, ಏಕೆಂದರೆ ಬಿಯರ್ ಅನಿಲವನ್ನು ಹೀರಿಕೊಂಡಾಗಲೂ ಮುಳ್ಳು ಇಳಿಯುತ್ತದೆ, ಅದನ್ನು ಸೋರಿಕೆಯೆಂದು ತಿಳಿದು ನಾನು ಒಂದು ಇಡೀ ಸಂಜೆ ಸರಿಯಿದ್ದ ಪೈಪುಗಳನ್ನೆಲ್ಲ ಬಿಚ್ಚಿ ಕೂತಿದ್ದೆ. ಒಂದು ಮಾತನ್ನು ತಮಾಷೆಯಿಲ್ಲದೆ ಹೇಳಬೇಕು: ಒಂದು ಕಿಲೋಗ್ರಾಂ ದ್ರವವು 500 ಲೀಟರಿಗೂ ಹೆಚ್ಚು ಅನಿಲವಾಗುತ್ತದೆ, ಅದು ಗಾಳಿಗಿಂತ ಭಾರ, ವಾಸನೆಯಿಂದ ಗೊತ್ತಾಗುವುದಿಲ್ಲ. ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ, ಮುಖ್ಯವಾಗಿ ಮಲಗುವ ಕೋಣೆಯಲ್ಲಿ, ಸಿಲಿಂಡರನ್ನು ಇಡಬೇಡಿ.

ಕೆಗ್ಗಿನ ತಲೆಯ ಮೇಲಿನ ಎರಡು ಮೂತಿಗಳು ಅವಳಿಗಳಂತೆ ಕಂಡರೂ ಒಂದೇ ಅಳತೆಯವಲ್ಲ. ಬಾಲ್ ಲಾಕ್ ಎಂಬ ಬಗೆಯ ಕೆಗ್ಗುಗಳಲ್ಲಿ ಸಾಮಾನ್ಯವಾಗಿ ಅನಿಲದ ಮೂತಿಯ ಬುಡದಲ್ಲಿ ಸಣ್ಣ ಕಚ್ಚುಗಳಿರುತ್ತವೆ, ಅನಿಲದ ಕನೆಕ್ಟರ್ ಬೂದು ಬಣ್ಣದ್ದು, ಬಿಯರಿನದು ಕಪ್ಪು. ಅದಲುಬದಲಾಗಿ ಒತ್ತಿ ಕೂರಿಸಿದರೆ ಕೂರುತ್ತದೆ, ಆದರೆ ಕೀಳಲು ಬರುವುದಿಲ್ಲ. ನಾನು ಇಕ್ಕಳದಿಂದ ಕಿತ್ತಾಗ ಕನೆಕ್ಟರ್ ಎರಡು ತುಂಡಾಯಿತು.

ದ್ರವದ ಸಾಂದ್ರತೆಯಿಂದ ಅದರಲ್ಲಿ ಎಷ್ಟು ಸಕ್ಕರೆಯಿದೆಯೆಂದು ತಿಳಿಸುವ ಹೈಡ್ರೋಮೀಟರ್ ಒಡೆಯುತ್ತದೆ, ಎರಡು ಕೊಂಡುಕೊಳ್ಳಿ. ಒಡೆಯದೆ ಉಳಿದದ್ದನ್ನು ಬಿಸಿ ವರ್ಟಿನಲ್ಲಿ ಮುಳುಗಿಸಬೇಡಿ, ಏಕೆಂದರೆ ಸಾಮಾನ್ಯವಾಗಿ 20 ಡಿಗ್ರಿಗೆ ಹೊಂದಿಸಿರುವ ಈ ಗಾಜಿನ ಕೊಳವೆ 60 ಡಿಗ್ರಿಯ ದ್ರವದಲ್ಲಿ ಸುಮಾರು 0.015ರಷ್ಟು ಕಡಿಮೆ ತೋರಿಸುತ್ತದೆ, 1.050 ಇರಬೇಕಾದದ್ದು 1.035 ಎಂದು ಕಂಡಾಗ ಗಾಬರಿಯಾಗಿ ನಾನು ಸಕ್ಕರೆ ಸುರಿದಿದ್ದೆ.

ಮುಂದೆ ಹುದುಗುವಿಕೆ ಆರಂಭವಾದಾಗ, ಮುಚ್ಚಳದ ಮೇಲೆ ಕೂತು ಅನಿಲವನ್ನು ನೀರಿನ ಮೂಲಕ ಹೊರಬಿಡುವ ಏರ್‌ಲಾಕಿನಲ್ಲಿ ಗುಳ್ಳೆ ಬರಲಿಲ್ಲವೆಂದು ನೀವು ಯೀಸ್ಟನ್ನು ಬೈಯುವ ಸಾಧ್ಯತೆ ಬಹಳವಿದೆ. ಬಕೆಟ್ಟಿನ ಮುಚ್ಚಳ ಒಂದು ಕಡೆ ಕೂದಲೆಳೆಯಷ್ಟು ಎದ್ದಿದ್ದರೂ ಸಾಕು, ಅನಿಲ ನೀರನ್ನು ತಳ್ಳುವ ಕಷ್ಟ ಪಡದೆ ಅತ್ತಲಿಂದ ಹೊರಡುತ್ತದೆ. ಗುಳ್ಳೆಗಳನ್ನು ಎಣಿಸುವ ಬದಲು ಎರಡು ಮೂರು ದಿನಗಳ ಅಂತರದಲ್ಲಿ ಹೈಡ್ರೋಮೀಟರಿನಿಂದ ಅಳೆದು ನೋಡಿ.

ಬಕೆಟ್ಟನ್ನು ಹಿಂತಿರುಗಿಸಲೇ ಎಂದಿರಿ. ಅಂಗಡಿಗೆ ಹೋಗುವ ಮೊದಲು ನೀರು ಚೆಲ್ಲಿ, ನಟ್ಟನ್ನು ಬಿಚ್ಚಿ, ವಾಷರ್ ಯಾವ ಕಡೆಗಿದೆ ಎಂದು ನೋಡಿ.