ಪ್ರಮೀಳೆ ಕಟ್ಟಿಹಾಕಿದ ಕುದುರೆ

ಹಾಸನದಿಂದ ಒಬ್ಬ ಓದುಗರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾರೆ. ಹೋದ ಸಂಚಿಕೆಯಲ್ಲಿ ವಿಡಿಯೋ ಗೇಮ್‌ಗಳ ನಾಯಕಿಯರ ಬಗ್ಗೆ ಬಂದ ಲೇಖನ ಅವರಿಗೆ ಹಿಡಿಸಿಲ್ಲ. ಪತ್ರದ ಮುಖ್ಯ ಭಾಗ ಹೀಗಿದೆ:

“ಕೈಗೆ ಬಂದೂಕು ಕೊಟ್ಟ ಮಾತ್ರಕ್ಕೆ ಹೆಣ್ಣು ಗಟ್ಟಿಗಿತ್ತಿ ಆಗಿಬಿಡುತ್ತಾಳಾ? ನಾನು ಫಣಿಯಮ್ಮನ ಕತೆ ಓದಿ ಬೆಳೆದವಳು. ಅವಳು ಯಾರ ಮೇಲೂ ಒಂದು ಕಡ್ಡಿ ಎತ್ತಲಿಲ್ಲ. ಅವಳಿಗಿಂತ ಗಟ್ಟಿ ಹೆಂಗಸನ್ನು ಈ ಆಟಗಳಲ್ಲಿ ತೋರಿಸಿ ನೋಡೋಣ. ಇನ್ನೊಂದು ಮಾತು. ನನ್ನ ಮಗನಿಗೆ ಹದಿಮೂರು ವರ್ಷ. ಆಟದಲ್ಲಿ ಆಯ್ಕೆ ಇದ್ದರೆ ಯಾವಾಗಲೂ ಹುಡುಗಿಯ ಪಾತ್ರವನ್ನೇ ಆರಿಸಿಕೊಳ್ಳುತ್ತಾನೆ. ಗೆಳೆಯರು ರೇಗಿಸುತ್ತಾರೆ. ಅವನ ಅಪ್ಪನಿಗೂ ಕಸಿವಿಸಿ. ನಾನು ಅವನಿಗೆ ಏನು ಹೇಳಲಿ?”

ಪ್ರೀತಿಯ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಪ್ರಶ್ನೆಗೆ ನನ್ನ ಉತ್ತರವೂ ನಿಮ್ಮದೇ: ಆಗುವುದಿಲ್ಲ. ಆದರೆ ಅಲ್ಲಿಂದ ಮುಂದೆ ನಿಮ್ಮ ಜೊತೆ ನನಗೆ ಸ್ವಲ್ಪ ತಕರಾರಿದೆ. ಆಯುಧ ಹಿಡಿದ ಹುಡುಗಿ ಎಲ್ಲೋ ಹೊರಗಿನಿಂದ ಬಂದವಳು ಅನ್ನುವ ಹಾಗೆ ನೀವು ಬರೆದಿದ್ದೀರಿ. ಅವಳು ನಮ್ಮ ಬಯಲಾಟದಲ್ಲಿ ಯಾವತ್ತಿನಿಂದಲೋ ಇದ್ದಾಳೆ.

ನಾನು ಬೆಳೆದದ್ದು ಕರಾವಳಿಯಲ್ಲಿ. ಪ್ರಮೀಳೆಯ ಕತೆಯನ್ನು ಮೊದಲು ನೋಡಿದ್ದು ಗದ್ದೆಯಲ್ಲಿ, ಚಾಪೆ ಮೇಲೆ ಕೂತು. ಜೈಮಿನಿ ಭಾರತದ ಕತೆ ಅದು, ನೀವು ಪಾಠ ಮಾಡಿಯೂ ಇರುತ್ತೀರಿ. ಧರ್ಮರಾಯನ ಅಶ್ವಮೇಧದ ಕುದುರೆ ಸ್ತ್ರೀರಾಜ್ಯಕ್ಕೆ ಬರುತ್ತದೆ. ರಾಣಿ ಪ್ರಮೀಳೆ ಅದನ್ನು ಕಟ್ಟಿಹಾಕುತ್ತಾಳೆ. ಅರ್ಜುನನೇ ಬಂದು ನಿಂತರೂ ಬಿಡುವುದಿಲ್ಲ. ಇಂಥ ಪಾತ್ರಗಳಿಗೆ ಯಕ್ಷಗಾನದಲ್ಲಿ ಬೇರೆಯದೇ ವೇಷ ಇದೆ. ಕಸೆ ಸ್ತ್ರೀವೇಷ ಅನ್ನುತ್ತಾರೆ. ಲಾಲಿತ್ಯ ಕಡಿಮೆ, ಬಿರುಸು ಜಾಸ್ತಿ. ಅವಳ ಪ್ರವೇಶಕ್ಕೆ ಚೆಂಡೆ ಬಿದ್ದರೆ ನಿದ್ದೆ ಹೋಗಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಿದ್ದೆವು. ಆ ಹೊತ್ತಿಗೆ ರಂಗದಲ್ಲಿ ಅವಳಿಗಿಂತ ದೊಡ್ಡವರು ಯಾರೂ ಇರುತ್ತಿರಲಿಲ್ಲ.

ಬೆಳಗಿನ ಜಾವಕ್ಕೆ ಅವಳು ಅರ್ಜುನನ ಹೆಂಡತಿ.

ಮೀನಾಕ್ಷಿಯ ಪ್ರಸಂಗವೂ ಹಾಗೇ. ದಿಕ್ಕುದಿಕ್ಕಿನ ರಾಜರನ್ನು ಗೆದ್ದು ಬಂದವಳು ಶಿವನನ್ನು ಕಂಡ ಕೂಡಲೇ ತಲೆ ತಗ್ಗಿಸುತ್ತಾಳೆ. ಭಕ್ತಿಯ ಕತೆಯಾಗಿ ಅದಕ್ಕೆ ಅದರದ್ದೇ ಚೆಲುವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆಗ ನನಗೆ ಹತ್ತು ವರ್ಷ. ಮನೆಗೆ ನಡೆಯುವಾಗ ಏನೋ ಕಳೆದುಕೊಂಡ ಹಾಗೆ ಅನಿಸಿತ್ತು. ಏನು ಅಂತ ಹೇಳಲು ಆಗ ಬರಲಿಲ್ಲ. ಈಗ ಹೇಳಬಲ್ಲೆ. ಕುದುರೆಯನ್ನು ಕಟ್ಟಿಹಾಕಿದ್ದು ಯಾಕೆ? ತನ್ನ ರಾಜ್ಯ, ತನ್ನ ಗಡಿ, ತನ್ನ ಮಾತು ನಡೆಯಬೇಕು ಅಂತ. ಕೊನೆಗೆ ಕತೆ ಆ ಕಾರಣವನ್ನೇ ಮರೆತುಬಿಟ್ಟಿತು. ಅವಳು ವೀರೆಯಾಗಿದ್ದೇ ಅರ್ಜುನನಿಗೆ ಒಳ್ಳೆಯ ಹೆಣ್ಣು ಸಿಗಲಿ ಅಂತ ಅನ್ನುವ ಹಾಗೆ ಮುಗಿಯಿತು.

ಅವತ್ತಿನಿಂದ ಯಾವ ನಾಯಕಿಯನ್ನು ಕಂಡರೂ ನಾನು ಒಂದನ್ನೇ ಕೇಳಿಕೊಳ್ಳುತ್ತೇನೆ. ಅವಳು ಮಾಡಿದ್ದಕ್ಕೆ ಕಾರಣ ಅವಳದ್ದೇನಾ? ಕತೆ ಆ ಕಾರಣವನ್ನು ಕೊನೆಯವರೆಗೂ ಹಿಡಿದುಕೊಂಡಿತಾ, ದಾರಿಯಲ್ಲಿ ಕೈಬಿಟ್ಟಿತಾ?

ಇನ್ನು ಆಟಗಳಿಗೆ ಬರೋಣ. 1986ರಲ್ಲಿ ನಿಂಟೆಂಡೊ ಕಂಪನಿ ಮೆಟ್ರಾಯ್ಡ್ ಅನ್ನುವ ಆಟ ತಂದಿತು. ತಲೆಯಿಂದ ಪಾದದವರೆಗೆ ಉಕ್ಕಿನ ಕವಚ ತೊಟ್ಟ ಒಬ್ಬ ಬೇಟೆಗಾರ, ಹೆಸರು ಸೇಮಸ್ ಆರನ್. ಆಟದ ಜೊತೆ ಬಂದ ಇಂಗ್ಲಿಷ್ ಕೈಪಿಡಿಯಲ್ಲೂ ‘ಅವನು’ ಅಂತಲೇ ಇತ್ತು. ಆಟವನ್ನು ಬೇಗ ಮುಗಿಸಿದರೆ ಕವಚ ಕಳಚುತ್ತದೆ. ಒಳಗೆ ಇರುವುದು ಹೆಣ್ಣು! ಅಷ್ಟು ಹೊತ್ತು ಹುಡುಗರು ತಮಗೆ ಗೊತ್ತಿಲ್ಲದೆ ಒಬ್ಬ ಹೆಂಗಸಾಗಿ ಓಡಿದ್ದರು, ಹಾರಿದ್ದರು, ಗೆದ್ದಿದ್ದರು. ಎಷ್ಟು ಚೆಂದದ ತಿರುವು ಅಲ್ವಾ? ಈ ಮಾತನ್ನು ನಮ್ಮ ಲೇಖನದಲ್ಲೂ ಬರೆದಿದ್ದೆವು. ಅರ್ಧ ಮಾತ್ರ ಬರೆದಿದ್ದೆವು. ಉಳಿದರ್ಧ ಇಲ್ಲಿದೆ. ಎಷ್ಟು ಬೇಗ ಮುಗಿಸುತ್ತೀರೋ ಅವಳ ಮೈಮೇಲೆ ಅಷ್ಟು ಕಡಿಮೆ ಬಟ್ಟೆ. ಒಂದು ಗಂಟೆಯೊಳಗೆ ಮುಗಿಸಿದವರಿಗೆ ಅವಳು ಬಿಕಿನಿಯಲ್ಲಿ ಕಾಣುತ್ತಾಳೆ. ಆಟದ ತುಂಬ ನೀವು ಅವಳೇ ಆಗಿದ್ದಿರಿ. ಕೊನೆಯ ಚಿತ್ರದಲ್ಲಿ ಅವಳು ನಿಮಗೆ ಸಿಕ್ಕ ಬಹುಮಾನ. ಪ್ರಮೀಳೆಯ ಬೆಳಗಿನ ಜಾವ ನನಗೆ ಮತ್ತೆ ನೆನಪಾಗುವುದು ಇಲ್ಲೇ.

ಹತ್ತು ವರ್ಷ ಬಿಟ್ಟು, 1996ರಲ್ಲಿ, ಲಾರಾ ಕ್ರಾಫ್ಟ್ ಬಂದಳು. ನೀವು ಬಂದೂಕು ಅಂದಾಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಅವಳೇ ಇರಬೇಕು. ಟೂಂಬ್ ರೈಡರ್ ಆಟವನ್ನು ಮಾಡಿದ್ದು ಇಂಗ್ಲೆಂಡಿನ ಡರ್ಬಿ ಊರಿನ ಕೋರ್ ಡಿಸೈನ್ ಕಂಪನಿ. ಅವಳ ರೂಪ ಬರೆದವರು ಟೋಬಿ ಗಾರ್ಡ್. ಆಟದೊಳಗೆ ನೋಡಿದರೆ ಲಾರಾ ಒಳ್ಳೆಯ ಪಾತ್ರ. ಓದಿದವಳು, ಗುಹೆ ಸಮಾಧಿ ಅಂತ ಒಬ್ಬಳೇ ಅಲೆಯುವವಳು, ಯಾರ ಅಪ್ಪಣೆಗೂ ಕಾಯದವಳು. ಆದರೆ ಆಟ ಗೆದ್ದ ಮೇಲೆ ಜಾಹೀರಾತಿನವರು ಮಾರಿದ್ದು ಅವಳ ಮೈಕಟ್ಟನ್ನು. ಗಾರ್ಡ್ ಅವರಿಗೆ ಅದು ಸರಿಬರಲಿಲ್ಲ, 1997ರಲ್ಲಿ ಕಂಪನಿ ಬಿಟ್ಟು ನಡೆದರು. ಬರೆದವನಿಗೇ ತನ್ನ ಪಾತ್ರ ಕೈತಪ್ಪಿ ಹೋಯಿತು.

2013ರಲ್ಲಿ ಕ್ರಿಸ್ಟಲ್ ಡೈನಮಿಕ್ಸ್ ಕಂಪನಿ ಅವಳನ್ನು ಹೊಸದಾಗಿ ಬರೆಸಿತು. ಮುಖ್ಯ ಬರಹಗಾರ್ತಿ ರಿಯಾನಾ ಪ್ರ್ಯಾಚೆಟ್. ಈ ಲಾರಾ ಚಿಕ್ಕವಳು. ಹಡಗು ಒಡೆದು ಒಂದು ದ್ವೀಪಕ್ಕೆ ಬಿದ್ದಿದ್ದಾಳೆ. ಹೆದರುತ್ತಾಳೆ, ಗಾಯ ಮಾಡಿಕೊಳ್ಳುತ್ತಾಳೆ. ಆಟ ಬರುವ ಮುಂಚೆ, 2012ರಲ್ಲಿ, ಅದರ ನಿರ್ಮಾಪಕರೊಬ್ಬರು ಆಡುವವರಿಗೆ ಇವಳನ್ನು ಕಾಪಾಡಬೇಕು ಅನಿಸುತ್ತದೆ ಅನ್ನುವ ಅರ್ಥದ ಮಾತಾಡಿದರು. ದೊಡ್ಡ ಗಲಾಟೆಯಾಯಿತು. ಆಗಲೇಬೇಕಿತ್ತು. ಗಂಡು ನಾಯಕ ಬಂಡೆಯಿಂದ ಬಿದ್ದಾಗ ಅವನನ್ನು ಕಾಪಾಡೋಣ ಅಂತ ಯಾರಿಗೂ ಅನಿಸುವುದಿಲ್ಲ, ನಾವೇ ಬಿದ್ದೆವು ಅನಿಸುತ್ತದೆ. ಒಬ್ಬಳ ಒಳಗಿನಿಂದ ಲೋಕ ನೋಡುವುದಕ್ಕೂ ಹೊರಗೆ ನಿಂತು ಅವಳನ್ನೇ ನೋಡುವುದಕ್ಕೂ ಇರುವ ದೂರ ಇದು. ಆಟವನ್ನು ಆಡಿ ನೋಡಿದರೆ ಬರಹಗಾರ್ತಿ ಆ ನಿರ್ಮಾಪಕರಿಗಿಂತ ಮುಂದಿದ್ದಾರೆ. ಲಾರಾ ಅಲ್ಲಿ ಹೋರಾಡುವುದು ತನ್ನ ಗೆಳತಿ ಸ್ಯಾಮ್‌ಗಾಗಿ. ಆ ಕಾರಣ ಅವಳದ್ದೇ, ಕೊನೆಯವರೆಗೂ ಅವಳದ್ದಾಗಿಯೇ ಉಳಿಯುತ್ತದೆ.

ಈಗ ನನ್ನನ್ನು ತುಂಬ ಕಾಡಿದ ಪಾತ್ರಕ್ಕೆ ಬರುತ್ತೇನೆ. 2020ರ ಜೂನ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಆಟದ ಎರಡನೇ ಭಾಗ ಬಂತು. ಮೊದಲ ಭಾಗದಲ್ಲಿ ನಾವು ಜೋಯಲ್ ಅನ್ನುವವನಾಗಿ ಆಡಿ, ಅವನನ್ನು ಮನೆಯವನಂತೆ ಹಚ್ಚಿಕೊಂಡಿದ್ದೆವು. ಎರಡನೆಯದರ ಶುರುವಿನಲ್ಲೇ ಆಬಿ ಅನ್ನುವ ಹೆಂಗಸು ಅವನನ್ನು ಕೊಲ್ಲುತ್ತಾಳೆ. ಅವನು ಸಾಕಿದ ‘ಎಲ್ಲಿ’ ಅನ್ನುವ ಹೆಸರಿನ ಹುಡುಗಿ ಸೇಡಿಗೆ ಹೊರಡುತ್ತಾಳೆ. ನಾವೂ ಅವಳ ಜೊತೆ ಕುದಿಯುತ್ತೇವೆ. ಸುಮಾರು ಅರ್ಧ ದಾರಿಗೆ ಬಂದಾಗ ಆಟ ನಮ್ಮನ್ನು ಆ ಹುಡುಗಿಯಿಂದ ಬಿಡಿಸಿ ಆಬಿಯೊಳಗೆ ಕೂರಿಸುತ್ತದೆ. ಇನ್ನು ಮುಂದೆ ನೀವೇ ಅವಳು. ಆಗ ಗೊತ್ತಾಗುತ್ತದೆ, ಅವಳ ಅಪ್ಪನನ್ನು ಕೊಂದದ್ದು ಜೋಯಲ್. ಮೊದಲ ಭಾಗ ಆಡಿದ್ದರೆ, ಅಂದರೆ ನಾವೇ. ನಾನು ಅಲ್ಲಿಗೆ ಬಂದು ಎರಡು ದಿನ ಆಟ ಮುಟ್ಟಲಿಲ್ಲ. ದ್ವೇಷಿಸಿದವಳ ಕೈಕಾಲುಗಳಲ್ಲಿ ನಡೆಯುವುದು ಅಷ್ಟು ಕಷ್ಟವಾಯಿತು. ಕಾದಂಬರಿ ಓದುವಾಗ ಪುಟ ತಿರುಗಿಸಿ ಮುಂದೆ ಹೋಗಬಹುದು. ಇಲ್ಲಿ ನಾವು ಹೆಜ್ಜೆ ಇಡದಿದ್ದರೆ ಕತೆ ಸಾಗುವುದೇ ಇಲ್ಲ.

ಆ ಪಾತ್ರದ ಮೇಲೆ ಬಿದ್ದ ಸಿಟ್ಟನ್ನು ನೀವು ನೋಡಬೇಕಿತ್ತು. ಇಷ್ಟು ದಪ್ಪ ತೋಳು ಹೆಂಗಸಿಗೆ ಇರುತ್ತದಾ ಅಂತ ಹಂಗಿಸಿದರು. ಆಬಿಯ ದೇಹಕ್ಕೆ ಮಾದರಿಯಾಗಿದ್ದು ಕೊಲೀನ್ ಫಾಚ್ ಅನ್ನುವ ನಿಜವಾದ ಅಮೆರಿಕನ್ ಕ್ರೀಡಾಪಟು! ಧ್ವನಿ ಕೊಟ್ಟ ನಟಿಗೆ ಕೊಲೆ ಬೆದರಿಕೆಗಳು ಬಂದವು. ಬಿಕಿನಿ ತೊಟ್ಟ ಸೇಮಸ್ ಮೇಲೆ ಇಂಥ ಸಿಟ್ಟು ಬಂದಿರಲಿಲ್ಲ. ಆಬಿ ಯಾರ ಕಣ್ಣಿಗೂ ತಂಪಾಗಿ ಕಾಣಬೇಕು ಅಂತ ಬಂದವಳಲ್ಲ. ಅವಳು ತಪ್ಪು ಮಾಡುತ್ತಾಳೆ, ಅದರ ಭಾರ ತಾನೇ ಹೊರುತ್ತಾಳೆ. ಗಂಡು ಪಾತ್ರಗಳಿಗೆ ಈ ಸ್ವಾತಂತ್ರ್ಯ ಮೊದಲಿನಿಂದ ಇತ್ತು. ಹೆಣ್ಣು ಪಾತ್ರ ಒಳ್ಳೆಯವಳೂ ಆಗಿರಬೇಕು, ಚೆಂದವೂ ಇರಬೇಕು. ಆಮೇಲೆ ಬೇಕಾದರೆ ಗಟ್ಟಿಯಾಗಲಿ.

(ಈ ಆಟ ಹದಿನೆಂಟು ದಾಟಿದವರಿಗೆ. ಮಗನ ಕೈಗೆ ಈಗಲೇ ಕೊಡಬೇಡಿ.)

ಈಗ ಫಣಿಯಮ್ಮ. ಎಂ.ಕೆ. ಇಂದಿರಾ ಅವರ ಈ ಕಾದಂಬರಿ ಬಂದದ್ದು 1976ರಲ್ಲಿ. ಅವರ ಮನೆತನದಲ್ಲೇ ಬದುಕಿದ್ದ ಹಿರಿಯಳೊಬ್ಬಳ ಕತೆ. ಸಣ್ಣ ವಯಸ್ಸಿನಲ್ಲೇ ಗಂಡ ಸತ್ತ, ತಲೆ ಬೋಳಿಸಿದರು. ನೂರು ದಾಟಿ ಬದುಕಿದಳು. ಕೂಗಾಡಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ. ಆದರೆ ಜಾತಿಯ ಗೆರೆ ದಾಟಿ ಹೆರಿಗೆ ಮಾಡಿಸಿದಳು. ಹರೆಯದ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ನಿಂತಾಗ ಅವಳ ಪರ ನಿಂತಳು. ತನಗೆ ಆದದ್ದು ಇನ್ನೊಬ್ಬಳಿಗೆ ಆಗಬಾರದು. ಇದು ಅವಳದ್ದೇ ಕಾರಣ. ಹೊತ್ತಗೆಯ ಯಾವ ಪುಟವೂ ಅದನ್ನು ಅವಳಿಂದ ಕಿತ್ತುಕೊಳ್ಳುವುದಿಲ್ಲ. ನೀವು ಹೇಳಿದ್ದು ಸರಿ, ಅವಳ ಸಮಕ್ಕೆ ನಿಲ್ಲುವ ಪಾತ್ರ ಆಟಗಳಲ್ಲಿ ಕಡಿಮೆ.

ಆದರೆ ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನೂ ನೆನೆಸಿಕೊಳ್ಳಿ. ಹೆರಿಗೆಯ ನಂತರ ಅವಳಿಗೆ ಮನಸ್ಸಿನ ಕಾಯಿಲೆ ಬರುತ್ತದೆ, ಆಸ್ಪತ್ರೆಯಲ್ಲಿ ವಾಸಿಯೂ ಆಗುತ್ತದೆ. ಮನೆಗೆ ಬಂದ ಮೇಲೆ ಯಾರೂ ಅವಳನ್ನು ವಾಸಿಯಾದವಳು ಅಂತ ಒಪ್ಪುವುದಿಲ್ಲ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಕೊನೆಗೆ ಅವಳು ಸೋತು ಆಸ್ಪತ್ರೆಗೇ ಮರಳುತ್ತಾಳೆ. ಅವಳನ್ನು ಗಟ್ಟಿ ಅನ್ನುತ್ತೀರಾ? ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೂ ಕನ್ನಡದ ಸ್ತ್ರೀವಾದಿ ಕಾದಂಬರಿಗಳಲ್ಲಿ ಅದನ್ನು ಬಿಟ್ಟು ಮಾತಾಡಲು ಸಾಧ್ಯವೇ ಇಲ್ಲ. ಅವಳನ್ನು ಸೋಲಿಸಿದವರು ಯಾರು ಅನ್ನುವುದು ನಮಗೆ ಒಂದೊಂದೇ ಹೆಸರಾಗಿ ಕಾಣುತ್ತದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕತೆಗಳಲ್ಲೂ ಗೆದ್ದು ಬರುವ ಹೆಂಗಸರು ಕಡಿಮೆ. ಅದಕ್ಕೇ ಈ ‘ಗಟ್ಟಿ’ ಅನ್ನುವ ಮಾತಿನ ಮೇಲೆ ನನಗೆ ಈಚೆಗೆ ನಂಬಿಕೆ ಕಡಿಮೆಯಾಗಿದೆ. ನಮ್ಮ ಲೇಖನದ ತಲೆಬರಹದಲ್ಲಿ ಆ ಪದ ಇತ್ತು. ಇರಬಾರದಿತ್ತು.

ಕತ್ತಿ ಇಲ್ಲದ ನಾಯಕಿ ಬೇಕು ಅಂದಿರಿ. ಇದ್ದಾಳೆ, ಹೆಸರು ವೆಣ್ಬಾ. 2023ರಲ್ಲಿ ಬಂದ ಆಟ. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ಒಬ್ಬ ತಮಿಳು ತಾಯಿ. ಅವಳ ಹತ್ತಿರ ಅಮ್ಮ ಕೊಟ್ಟ ಅಡುಗೆ ಪುಸ್ತಕ ಇದೆ. ಹರಿದಿದೆ, ಅಕ್ಷರ ಅಳಿಸಿದೆ. ಉಳಿದ ಗುರುತು ಹಿಡಿದು ಇಡ್ಲಿ, ಪುಟ್ಟು, ಬಿರಿಯಾನಿ ಮಾಡಬೇಕು. ಆಟ ಅಂದರೆ ಅಷ್ಟೇ. ಮಗ ದೊಡ್ಡವನಾಗುತ್ತಾ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ, ತಾಯಿ ತಮಿಳು ಬಿಡುವುದಿಲ್ಲ. ಹೊರದೇಶದಲ್ಲಿ ಮಕ್ಕಳನ್ನು ಬೆಳೆಸಿದ ಕನ್ನಡದ ತಾಯಂದಿರು ಇದನ್ನು ಆಡಿದರೆ ಕಣ್ಣು ಒರೆಸಿಕೊಳ್ಳುವುದು ಖಂಡಿತ. ಅಡುಗೆಮನೆಯಲ್ಲಿ ನಿಂತ ಹೆಂಗಸು ಸ್ತ್ರೀವಾದದ ನಾಯಕಿ ಹೇಗೆ ಅಂತ ಕೇಳುವವರಿದ್ದಾರೆ. ಅವಳು ಅಲ್ಲಿ ನಿಂತದ್ದು ಯಾಕೆ ಅನ್ನುವುದನ್ನು ಈ ಆಟ ಕೇಳಿಸಿಕೊಳ್ಳುತ್ತದೆ. ನನಗೆ ಅಷ್ಟು ಸಾಕು.

ಪುಣೆಯವರು ಮಾಡಿದ ರಾಜಿ ಅನ್ನುವ ಆಟವೂ ಇದೆ, 2020ರದ್ದು. ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ಅಕ್ಕ ಹೊರಡುತ್ತಾಳೆ. ದುರ್ಗೆ ಅವಳಿಗೆ ಆಯುಧ ಕೊಡುತ್ತಾಳೆ. ನಮ್ಮಲ್ಲಿ ಅಣ್ಣ ಕಾಪಾಡುವುದು, ತಂಗಿ ಕಾಯುವುದು. ಇಲ್ಲಿ ಅದು ತಿರುಗುಮುರುಗಾಗಿದೆ.

ಆಟಗಳಲ್ಲಿ ಹೆಣ್ಣು ಪಾತ್ರ ಎಷ್ಟಿವೆ ಅಂತ ಲೆಕ್ಕ ಹಾಕುವುದು ಬಿಡಿ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಅದನ್ನು ಬಿಡಲು ನನಗೆ ಮನಸ್ಸಿಲ್ಲ. 2014ರಲ್ಲಿ ಅಸ್ಯಾಸಿನ್ಸ್ ಕ್ರೀಡ್ ಆಟದ ಒಂದು ಕಂತಿನಲ್ಲಿ ನಾಲ್ಕು ಜನ ಸೇರಿ ಆಡಬಹುದಿತ್ತು. ನಾಲ್ವರೂ ಗಂಡಸರು. ಹೆಣ್ಣಿನ ಚಲನೆ ಮಾಡಲು ಕೆಲಸ ಜಾಸ್ತಿಯಾಗುತ್ತದೆ ಅಂತ ಕಂಪನಿ ಕಾರಣ ಕೊಟ್ಟಿತು. ಹೆಣ್ಣನ್ನು ಹೆಚ್ಚುವರಿ ಕೆಲಸ ಅಂದುಕೊಂಡಲ್ಲಿ ಎಣಿಸಲೇಬೇಕು.

ಇನ್ನು ನಿಮ್ಮ ಮಗ. ಅವನ ಅಪ್ಪನನ್ನು ಒಂದು ಸಲ ಯಕ್ಷಗಾನಕ್ಕೆ ಕರೆದುಕೊಂಡು ಹೋಗಿ. ಅಂಬೆಯಾಗಿ, ದ್ರೌಪದಿಯಾಗಿ, ಪ್ರಮೀಳೆಯಾಗಿ ಗಂಡಸರು ತಲೆಮಾರುಗಳಿಂದ ಕುಣಿಯುತ್ತಾ ಬಂದಿದ್ದಾರೆ. ಒಳ್ಳೆಯ ಸ್ತ್ರೀವೇಷಧಾರಿಗೆ ಊರಿಗೆ ಊರೇ ಗೌರವ ಕೊಡುತ್ತದೆ. ಅವರು ಹೆಂಗಸಿನ ನಡಿಗೆಯನ್ನು ಕಲಿಯುತ್ತಾರೆ, ಅವಳ ಸಿಟ್ಟು ಯಾಕೆ ಬಂತು ಅನ್ನುವುದನ್ನೂ ಕಲಿಯುತ್ತಾರೆ. ನಿಮ್ಮ ಮಗ ಮಾಡುತ್ತಿರುವುದು ಅದಕ್ಕೆ ಹತ್ತಿರದ್ದು.

ಅವನಿಗೆ ಏನು ಹೇಳಲಿ ಅಂದಿರಿ. ಮೊದಲು ಕೇಳಿ. ಆ ಹುಡುಗಿಯನ್ನು ಯಾಕೆ ಆರಿಸಿಕೊಳ್ಳುತ್ತೀಯ ಅಂತ ಸುಮ್ನೆ ಕೇಳಿ, ತನಿಖೆಯ ದನಿ ಬೇಡ. ಅವಳು ಚೆನ್ನಾಗಿ ಕಾಣುತ್ತಾಳೆ ಅಂದರೂ ಬೈಯಬೇಡಿ. ಅವಳು ಓಡುವ ರೀತಿ ಇಷ್ಟ ಅನ್ನಬಹುದು, ಅವಳ ಕತೆ ಇಷ್ಟ ಅನ್ನಬಹುದು. ಆಮೇಲೆ ಒಂದು ಭಾನುವಾರ ಅವನ ಪಕ್ಕದಲ್ಲಿ ಕೂತು ಅರ್ಧ ಗಂಟೆ ನೀವೂ ಆಡಿ. ಬೆರಳು ಓಡುವುದಿಲ್ಲ, ಮೊದಲ ಬಂಡೆಯಿಂದಲೇ ಬೀಳುತ್ತೀರಿ, ಅವನು ಹೇಳಿಕೊಡುತ್ತಾನೆ. ಅದೇ ರಾತ್ರಿ ಫಣಿಯಮ್ಮನ ಮೊದಲ ಎರಡು ಅಧ್ಯಾಯ ಅವನಿಗೆ ಓದಿ ಹೇಳಿ. ಅವನು ಏನಂದ ಅಂತ ನನಗೆ ಬರೆಯುತ್ತೀರಾ? ಆ ಪತ್ರಕ್ಕೆ ಕಾಯುತ್ತಿರುತ್ತೇನೆ.

– ಸಂಪಾದಕರು