‘ಬಲು ಜಾಣೆ’ ಅನ್ನುವ ಮಗು

ಪತ್ರ: ನನ್ನ ತಮ್ಮನ ಹೆಂಡತಿಗೆ ಖಿನ್ನತೆ. ದಿನಗಟ್ಟಲೆ ಹಾಸಿಗೆ ಬಿಟ್ಟು ಏಳುವುದಿಲ್ಲ. ಹತ್ತು ವರ್ಷದ ಮಗಳೇ ಬೆಳಿಗ್ಗೆ ಕಾಫಿ ಮಾಡಿ, ತನ್ನ ಪುಟ್ಟ ತಮ್ಮನಿಗೆ ಡಬ್ಬಿ ಕಟ್ಟಿ ಸ್ಕೂಲಿಗೆ ಹೊರಡುತ್ತಾಳೆ. ಒಂದು ದಿನ ಅತ್ತಿಲ್ಲ, ಬಲು ಜಾಣೆ. ಅಮ್ಮನಿಗೆ ಬಿಪಿ ಅಂತ ಹೇಳಿದ್ದೇವೆ. ಅಭ್ಯಾಸ ಆಗಿಬಿಡುತ್ತೆ ಅಂತ ನನ್ನ ತಮ್ಮ ಹೆಂಡತಿಯ ಮಾತ್ರೆ ನಿಲ್ಲಿಸಿಬಿಟ್ಟಿದ್ದಾನೆ. ಮಗುವಿಗೆ ನಿಜ ಹೇಳಬೇಕಾ? ಇಲ್ಲಾ, ಮಕ್ಕಳಿಬ್ಬರನ್ನೂ ನಮ್ಮ ಮನೆಗೇ ಕರೆದುಕೊಂಡು ಬರಲಾ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಹೇಳಬೇಕು. ಬೇಗ ಹೇಳಬೇಕು.

ಬಿಪಿ ಕಥೆಯನ್ನು ನಿಮ್ಮ ತಮ್ಮನ ಮಗಳು ನಂಬಿದ್ದಾಳೆ ಅಂತ ನನಗೆ ಅನ್ನಿಸುವುದಿಲ್ಲ. ಬಿಪಿ ಇರುವವರನ್ನು ಅವಳು ಊರೆಲ್ಲ ನೋಡಿರುತ್ತಾಳೆ. ಅವರು ಮದುವೆಗೆ ಹೋಗುತ್ತಾರೆ, ಜಗಲಿ ಮೇಲೆ ಕೂತು ಹರಟುತ್ತಾರೆ. ಅಮ್ಮ ಮಾತ್ರ ಯಾಕೆ ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ? ದೊಡ್ಡವರು ಕಾರಣ ಹೇಳದಿದ್ದರೆ ಮಕ್ಕಳು ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಅದು ಹೆಚ್ಚಾಗಿ ‘ನನ್ನಿಂದಲೇ’ ಅಂತಲೇ ಇರುತ್ತದೆ. ಮಾರ್ಕ್ಸ್ ಕಮ್ಮಿ ಬಂತು, ತಮ್ಮನ ಜೊತೆ ಜಗಳ ಆಡಿದೆ, ಅದಕ್ಕೇ ಅಮ್ಮ ಹೀಗಾದಳು ಅಂತ. ಆಮೇಲೆ ಅಳುವುದನ್ನೂ ಬಿಡುತ್ತಾರೆ. ನಾವು ಅದನ್ನೇ ಜಾಣತನ ಅಂತ ಹೊಗಳುತ್ತೇವೆ. ದಯವಿಟ್ಟು ಆ ಹೊಗಳಿಕೆ ಸ್ವಲ್ಪ ಕಮ್ಮಿ ಮಾಡಿ. ಹೊಗಳಿದಷ್ಟೂ ಅವಳು ‘ನನಗೂ ಕಷ್ಟ ಆಗ್ತಿದೆ’ ಅಂತ ಹೇಳುವುದು ಕಷ್ಟವಾಗುತ್ತದೆ.

ಹೇಳುವುದಕ್ಕೆ ದೊಡ್ಡ ಭಾಷಣ ಬೇಡ. “ಅಮ್ಮನಿಗೆ ಖಿನ್ನತೆ ಅನ್ನೋ ಕಾಯಿಲೆ ಬಂದಿದೆ. ಅದಕ್ಕೇ ಸುಸ್ತು, ಬೇಜಾರು. ನೀನು ಏನೋ ಮಾಡಿದ್ದಕ್ಕೆ ಬಂದಿದ್ದಲ್ಲ. ಅದನ್ನ ವಾಸಿ ಮಾಡೋ ಕೆಲಸ ನಿಂದಲ್ಲ, ಡಾಕ್ಟರ್‌ದು, ನಮ್ದು.” ಇಷ್ಟು ಸಾಕು. ಅಮ್ಮ ಸ್ವಲ್ಪ ಹುಷಾರಾಗಿರುವ ದಿನ ಅವಳೇ ಹೇಳಿದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಅಪ್ಪ ಹೇಳಲಿ. ಚಿಕ್ಕವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಅಮ್ಮ ಸತ್ತುಹೋಗ್ತಾಳಾ?’ ಅಂತ ಕೇಳಿದರೆ ಗದರಬೇಡಿ. ಹಾಗೆ ಕೇಳಬೇಕು ಅಂತ ಅವಳಿಗೆ ಯಾಕೆ ಅನ್ನಿಸಿತು, ಏನು ನೋಡಿದಳು, ಏನು ಕೇಳಿಸಿಕೊಂಡಳು ಅಂತ ಮೆಲ್ಲಗೆ ವಿಚಾರಿಸಿ.

ಇನ್ನು ಮಾತ್ರೆ ವಿಷಯ. ಇಲ್ಲಿ ನಿಮ್ಮ ತಮ್ಮನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಅವು ಕೆಲಸ ಶುರು ಮಾಡುವುದಕ್ಕೇ 2ರಿಂದ 4 ವಾರ ಬೇಕು. ಹುಷಾರಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸುತ್ತಾರೆ. ದಿಢೀರ್ ಅಂತ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಬರಬಹುದು, ಕಾಯಿಲೆಯೂ ಮರುಕಳಿಸಬಹುದು. ಹಾಗಂತ ಉಳಿದಿರುವ ಹಳೆಯ ಮಾತ್ರೆಯನ್ನು ಮನೆಯಲ್ಲೇ ಮತ್ತೆ ಶುರು ಮಾಡಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಮಗುವಿನ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧ ಇದೆ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿದ್ದ ತಾಯಂದಿರ ಜೊತೆಗೆ ಅವರ 7ರಿಂದ 17 ವರ್ಷದ ಮಕ್ಕಳನ್ನೂ ಗಮನಿಸಿದರು. ಮೂರು ತಿಂಗಳಲ್ಲಿ ತಾಯಿ ಗುಣವಾದ ಮನೆಗಳಲ್ಲಿ ಮಕ್ಕಳ ಆತಂಕ, ಬೇಸರದಂಥ ತೊಂದರೆಗಳೂ ತಗ್ಗಿದವು. ತಾಯಿ ಗುಣವಾಗದ ಮನೆಗಳಲ್ಲಿ ಜಾಸ್ತಿಯಾದವು.

ಡಾಕ್ಟರನ್ನು ಕಂಡಾಗ ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ ಅಂತ ನೀವೇ ಬಾಯಿಬಿಟ್ಟು ಹೇಳಿ. ನಾರ್ವೆಯಲ್ಲಿ ರೋಗಿಯ ಮಕ್ಕಳ ಬಗ್ಗೆಯೂ ಆಸ್ಪತ್ರೆಯವರು ಗಮನ ಕೊಡಬೇಕು ಅಂತ 2010ರಿಂದ ಕಾನೂನೇ ಇದೆ. ಇಲ್ಲಿ ಕೇಳುವಷ್ಟು ಪುರುಸೊತ್ತು ಎಷ್ಟು ಜನಕ್ಕಿರುತ್ತೆ ಹೇಳಿ? ಎಲ್ಲಿ ತೋರಿಸಬೇಕು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ‘ನಾನಿಲ್ಲದಿದ್ದರೆ ನೀವೆಲ್ಲ ಚೆನ್ನಾಗಿರ್ತೀರಿ’ ಅನ್ನುವಂಥ ಮಾತು ನಿಮ್ಮ ತಮ್ಮನ ಹೆಂಡತಿಯ ಬಾಯಲ್ಲಿ ಬಂದರೆ ಮಾತ್ರ ಕಾಯಬೇಡಿ. ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಕ್ಕಳನ್ನು ನಿಮ್ಮ ಮನೆಗೆ ತರುವುದು ಸದ್ಯಕ್ಕೆ ಬೇಡ ಅನ್ನಿಸುತ್ತದೆ. ಮನೆಯಲ್ಲಿ ಯಾರ ಜೀವಕ್ಕಾದರೂ ಅಪಾಯ ಇದ್ದರೆ ಮಾತು ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಆಸ್ಪತ್ರೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಅನ್ನುತ್ತದೆ. ನಿಮ್ಮ ತಮ್ಮನ ಮಗಳು ದೊಡ್ಡವಳು, ನಿಜ. ಆದರೆ ನಿಮ್ಮ ಮನೆಯಲ್ಲಿ ಕೂತು ಅಮ್ಮ ಊಟ ಮಾಡಿದಳೋ ಇಲ್ಲವೋ ಅಂತ ಯೋಚಿಸುವುದನ್ನು ಅವಳು ಬಿಡುತ್ತಾಳಾ? ಅದರ ಬದಲು ನೀವೇ ಆಗಾಗ ಅಲ್ಲಿಗೆ ಹೋಗಿ ಇರಿ. ಅವಳ ಕ್ಲಾಸ್ ಟೀಚರ್‌ಗೆ ವಿಷಯ ತಿಳಿಸಿ. ಸಂಜೆ ಅವಳು ಬೀದಿಗೆ ಹೋಗಿ ಆಡಲಿ, ಪಾತ್ರೆ ಹಾಗೇ ಬಿದ್ದಿರಲಿ.

ಬೆಳಗಿನ ಕಾಫಿ, ಡಬ್ಬಿ ನಾಳೆಯಿಂದ ನಿಮ್ಮ ತಮ್ಮನ ಕೆಲಸ. ಬರದಿದ್ದರೆ ಉಪ್ಪಿಟ್ಟಿನಿಂದ ಶುರು ಮಾಡಲಿ.

– ಸಂಪಾದಕರು